ಐದು ದಿನಕ್ಕೆಂದು ಹೋಗಿ ಮೂರನೇ ದಿನ ಮರಳಿದವರು

ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ದಂಪತಿಯಿಬ್ಬರೂ ಒಪ್ಪಿದ್ದಾರೆ. ಸೀರೆಯ ವಿಚಾರ ಬಿಡಬಾರದೆಂದು ಪತ್ನಿಯೇ ಒತ್ತಾಯಿಸಿದ್ದರಿಂದ ಅದನ್ನು ನಡೆದಂತೆಯೇ ಬರೆದಿದ್ದೇನೆ.

ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರ ರೇಷ್ಮೆ ಬೆಳೆಗಾರರು. ವಯಸ್ಸು ಐವತ್ತು ದಾಟಿದೆ. ಎರಡು ಎಕರೆ ಹಿಪ್ಪುನೇರಳೆ ತೋಟ, ಮನೆಯ ಪಕ್ಕದಲ್ಲೇ ಹುಳು ಮನೆ. ನಾನು ಆಪ್ತಸಲಹೆಗೆ ಕೂರುವ ಚಿಕ್ಕಬಳ್ಳಾಪುರದ ಕೇಂದ್ರಕ್ಕೆ ಅವರನ್ನು ಕರೆತಂದವರು ಪತ್ನಿ. ರಾತ್ರಿ ನಿದ್ದೆ ಮಾಡುವುದಿಲ್ಲ, ಮನೆಯಲ್ಲಿ ಮಾತಿಲ್ಲ, ಗೂಡು ಮಾರುಕಟ್ಟೆಗೆ ತಾವು ಹೋಗದೆ ಮಗನನ್ನು ಕಳಿಸುತ್ತಾರೆ, ಮೊಬೈಲ್ ಹೊಡೆದುಕೊಂಡರೆ ಹೆಸರು ನೋಡಿ ಮಗುಚಿ ಇಡುತ್ತಾರೆ ಎಂಬುದು ಆಕೆಯ ದೂರು. "ಇವರ ಗೆಳೆಯರ ಮನೆಗೆಂದು ಮೈಸೂರಿಗೆ ಹೋಗಿ ಬಂದ ಮೇಲೆ ಹೀಗಾಗಿದೆ" ಎಂದರು. "ಹಾಗೇನೂ ಇಲ್ಲ ಮೇಡಂ, ಹೋದ ಬೆಳೆ ಕೈಕೊಟ್ಟಿತು, ಅದೇ ಯೋಚನೆ" ಎಂದು ಇವರು ಮಾತು ತಿರುಗಿಸಿದರು. ಬೆಳೆ ಕೈಕೊಟ್ಟದ್ದು ಸುಳ್ಳಲ್ಲ. ಆದರೆ ನಿದ್ದೆ ಹೋದದ್ದು ಅದಕ್ಕೂ ಮೊದಲು.

ರೈತರು ನಿದ್ದೆಯಿಲ್ಲವೆಂದು ಬಂದಾಗ ನಾನು ಮೊದಲು ಬೇರೆ ಪ್ರಶ್ನೆಗಳನ್ನು ಕೇಳುತ್ತೇನೆ: ಊಟ ಸೇರುತ್ತದೆಯೇ, ಕುಡಿತವಿದೆಯೇ, ಸಾಲ ಎಷ್ಟು, ಬದುಕು ಸಾಕೆನಿಸಿದೆಯೇ. ಕೊನೆಯದನ್ನು ಸುತ್ತಿ ಬಳಸಿ ಕೇಳುವುದಿಲ್ಲ, ನೇರವಾಗಿಯೇ ಕೇಳುತ್ತೇನೆ. ಕೇಳಿದರೆ ಆ ಯೋಚನೆ ತಲೆಗೆ ಬಂದೀತು ಎಂಬ ಭಯ ಅನೇಕರಿಗಿದೆ, ಅದಕ್ಕೆ ಆಧಾರವಿಲ್ಲ. ಇವರಿಗೆ ಅಂಥ ಯೋಚನೆ ಇರಲಿಲ್ಲ, ಕೆಲಸ ಕಷ್ಟಪಟ್ಟಾದರೂ ಸಾಗುತ್ತಿತ್ತು. ಎರಡು ವಾರಕ್ಕೂ ಮಿಕ್ಕಿ ದಿನವಿಡೀ ಮನಸ್ಸು ಕುಸಿದೇ ಇದ್ದರೆ, ಯಾವುದರಲ್ಲೂ ಆಸಕ್ತಿ ಹುಟ್ಟದಿದ್ದರೆ ಮನೋವೈದ್ಯರನ್ನು ಕಾಣಲೇಬೇಕು ಎಂದು ಇಬ್ಬರಿಗೂ ಹೇಳಿ, ಟೆಲಿ-ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416 ಬರೆದುಕೊಟ್ಟೆ. ಅದು ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು, ದುಡ್ಡಿಲ್ಲ.

ಇನ್ನು ಮೈಸೂರಿನ ವಿಚಾರ.

ರೇಷ್ಮೆ ಸಾಕುವವರ ಮನೆಯಲ್ಲಿ ರಜೆ ಎಂಬುದು ಎಷ್ಟು ದುರ್ಲಭವೆಂದು ಹೊರಗಿನವರಿಗೆ ತಿಳಿಯುವುದು ಕಷ್ಟ. ಚಾಕಿ ಹುಳು, ಅಂದರೆ ಎಳೆಯ ಮರಿಹುಳು, ಮನೆಗೆ ಬಂದ ದಿನದಿಂದ ಸೊಪ್ಪು ಕೊಯ್ಯುವುದು, ಹಾಕುವುದು, ಹಿಕ್ಕೆ ತೆಗೆಯುವುದು, ಜ್ವರಕ್ಕೆ (ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಇಲ್ಲಿ ಹೀಗೆನ್ನುತ್ತಾರೆ) ಕೂತವು ಎದ್ದವೋ ಇಲ್ಲವೋ ಎಂದು ನೋಡುವುದು. ನಾಲ್ಕನೇ ಜ್ವರ ಕಳೆದ ಮೇಲಂತೂ ಹುಳು ಇಡೀ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಏಳೆಂಟು ದಿನಗಳಲ್ಲೇ ತಿಂದು ಮುಗಿಸುತ್ತದೆ. ಆಗ ಮನೆಯವರು ಮದುವೆಗೂ ಹೋಗುವುದಿಲ್ಲ, ಹೋದರೂ ತಾಳಿ ಕಟ್ಟಿದ ಕೂಡಲೇ ಹೊರಡುತ್ತಾರೆ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಚಂದ್ರಿಕೆ ಎಂಬ ಗೂಡು ಕಟ್ಟಿಸುವ ತಟ್ಟಿಗೆ ಬಿಟ್ಟು, ಗೂಡು ಬಿಡಿಸಿ, ಮಾರಿ ಬಂದ ಮೇಲೆ ಹುಳು ಮನೆ ತೊಳೆದು, ಸುಣ್ಣ ಬ್ಲೀಚಿಂಗ್ ಪೌಡರ್ ಹಾಕಿ, ಮುಂದಿನ ಬೆಳೆಗೆ ಅಣಿಮಾಡುವ ನಡುವೆ ಸಿಗುವ ನಾಲ್ಕಾರು ದಿನವೇ ಬಿಡುವು. ಅದರಲ್ಲೇ ತೋಟಕ್ಕೆ ಗೊಬ್ಬರ, ಬ್ಯಾಂಕಿನ ಕೆಲಸ, ನೆಂಟರ ಮನೆ ಎಲ್ಲವೂ ಆಗಬೇಕು. ಅಂಥ ಐದು ದಿನಗಳನ್ನು ಇವರು ಗೆಳೆಯನಿಗೆಂದು ಎತ್ತಿಟ್ಟಿದ್ದರು.

ಗೆಳೆಯ ಈಗ ಮೈಸೂರಿನಲ್ಲಿ ಬ್ಯಾಂಕ್ ಅಧಿಕಾರಿ. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಇಬ್ಬರದೂ ಒಂದೇ ಕೋಣೆ. ಆತನ ಮನೆಯಲ್ಲಿ ಆಗ ತೀರಾ ಬಡತನ. ಇವರ ತಾಯಿ ಇಬ್ಬರಿಗೂ ಸೇರಿಸಿ ರಾಗಿ ಹಿಟ್ಟು, ಅವರೆಕಾಳು ಕಟ್ಟಿ ಕಳಿಸುತ್ತಿದ್ದರಂತೆ. ಎರಡನೇ ವರ್ಷ ಇವರ ತಂದೆ ತೀರಿಕೊಂಡರು, ಓದು ನಿಂತಿತು. ಆತ ಓದಿ ಮೇಲೆ ಬಂದರು. ಹಬ್ಬಕ್ಕೊಂದು ಫೋನ್, ಮದುವೆ ಮುಂಜಿಗಳಲ್ಲಿ ಭೇಟಿ. "ಒಮ್ಮೆ ನಮ್ಮ ಮನೆಗೆ ಬಾ, ನಾಲ್ಕು ದಿನ ಇರು" ಎಂದು ಆತ ವರ್ಷಗಳಿಂದ ಕರೆಯುತ್ತಲೇ ಇದ್ದರು.

ಹೋದರು. ಗೆಳೆಯ ಬಸ್ ನಿಲ್ದಾಣಕ್ಕೆ ಬಂದು ಅಪ್ಪಿಕೊಂಡರು. ಆದರೆ ಮರುದಿನ ಬೆಳಿಗ್ಗೆ ಕಚೇರಿಗೆ ಹೊರಟುನಿಂತು, "ಕಾರು ಹೇಳಿದ್ದೇನೆ, ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಸಂಜೆ ಬೃಂದಾವನ ಎಲ್ಲ ತೋರಿಸುತ್ತಾನೆ" ಎಂದು ಚಾಲಕನ ಕೈಗೆ ಒಪ್ಪಿಸಿದರು. ಇವರ ಮನಸ್ಸಿನಲ್ಲಿ ಇದ್ದದ್ದೇ ಬೇರೆ. ಕಾಲೇಜಿನ ದಿನಗಳಲ್ಲಿ ಇಬ್ಬರೂ ಮೆಟ್ಟಿಲು ಹತ್ತಿ ನಂದಿ ಬೆಟ್ಟಕ್ಕೆ ಹೋಗುತ್ತಿದ್ದರಲ್ಲ, ಹಾಗೆಯೇ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಜೊತೆಯಾಗಿ ಹತ್ತಬೇಕು. ತಮ್ಮ ತೋಟದಲ್ಲಿರುವ ವಿ-1 ತಳಿಯ ಹಿಪ್ಪುನೇರಳೆಯನ್ನು ರೂಪಿಸಿದ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಮೈಸೂರಿನಲ್ಲೇ ಇದೆ, 1961ರಿಂದ. ಅದನ್ನು ಹೊರಗಿನಿಂದಾದರೂ ನೋಡಬೇಕು. ಅದೇ ಮಾನಂದವಾಡಿ ರಸ್ತೆಯಲ್ಲಿರುವ, 1912ರಲ್ಲಿ ಆರಂಭವಾದ ರೇಷ್ಮೆ ನೇಯ್ಗೆ ಕಾರ್ಖಾನೆಗೆ ಹೋಗಿ, ಗೂಡು ಮಾರಿದ ದುಡ್ಡಿನಲ್ಲಿ ಹೆಂಡತಿಗೆ ಒಂದು ಮೈಸೂರು ಸಿಲ್ಕ್ ಸೀರೆ ಕೊಡಿಸಬೇಕು. ಮೂರೂ ಆಸೆಗಳಲ್ಲಿ ಒಂದನ್ನೂ ಗೆಳೆಯನಿಗೆ ಹೇಳಿರಲಿಲ್ಲ.

ಎರಡನೇ ದಿನ ಸಂಜೆ ಗೆಳೆಯ ಬೇಗ ಬಂದು ಎಲ್ಲರನ್ನೂ ಸೀರೆ ಅಂಗಡಿಗೆ ಕರೆದೊಯ್ದರು. ಹೆಂಡತಿ ಹೆಸರುಕಾಳಿನ ಬಣ್ಣದ, ಸಣ್ಣ ಜರಿ ಅಂಚಿನ ಸೀರೆಯೊಂದನ್ನು ಆರಿಸಿದರು. ಇವರು ಒಳ ಜೇಬಿನಿಂದ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ನೋಟಿನ ಕಟ್ಟು ತೆಗೆಯುವಷ್ಟರಲ್ಲಿ ಗೆಳೆಯ ಕಾರ್ಡ್ ಚಾಚಿಯಾಗಿತ್ತು. ಬೇಡ ಬೇಡ ಎಂದು ಇವರು ಕೈ ಹಿಡಿದಾಗ ಆತ, "ಸುಮ್ಮನಿರು. ನಿನ್ನ ತಾಯಿ ನನಗೆ ಹಾಕಿದ ಅನ್ನದ ಮುಂದೆ ಇದು ಯಾವ ಲೆಕ್ಕ?" ಎಂದರು.

ಇದನ್ನು ಹೇಳುವಾಗ ಇವರ ಗಂಟಲು ಕಟ್ಟಿತು. "ಮೂವತ್ತು ವರ್ಷ ನಾನು ಒಂದು ದಿನವೂ ಆ ಅನ್ನದ ಮಾತು ಎತ್ತಿಲ್ಲ ಮೇಡಂ. ಅವನು ಬಿಲ್ ಕೊಟ್ಟು ಚುಕ್ತಾ ಮಾಡಿಬಿಟ್ಟ."

ಇನ್ನೊಂದು ನೋವೂ ಇತ್ತು. ಈ ಭಾಗದ ಅನೇಕರಂತೆ ಇವರಿಬ್ಬರೂ ಮನೆಯಲ್ಲಿ ತೆಲುಗು, ಹೊರಗೆ ಕನ್ನಡ ಆಡಿ ಬೆಳೆದವರು. ಕೋಣೆಯಲ್ಲಿದ್ದಾಗ ಇಬ್ಬರ ನಡುವಿನ ಮಾತೆಲ್ಲ ತೆಲುಗಿನಲ್ಲೇ. ಮೈಸೂರಿನ ಮನೆಯಲ್ಲಿ ಇವರು ತೆಲುಗಿನಲ್ಲಿ ಏನು ಕೇಳಿದರೂ ಗೆಳೆಯ ಕನ್ನಡದಲ್ಲೇ ಉತ್ತರಿಸಿದರು. ಹಳ್ಳಿಯವನೆಂದು ನಾಚಿಕೆಪಟ್ಟ ಎಂದು ಇವರು ತೀರ್ಮಾನಿಸಿದರು. ಮೂರನೇ ದಿನ ಬೆಳಿಗ್ಗೆ, ಹುಳು ಮನೆ ತೊಳೆಯುವ ಆಳು ಇವತ್ತೇ ಬರುತ್ತಾನಂತೆ ಎಂದು ಸುಳ್ಳು ಹೇಳಿ ಹೊರಟು ಬಂದರು. ಅಂದಿನಿಂದ ಫೋನ್ ಎತ್ತಿಲ್ಲ. ಹುಳು ಮನೆ ತೊಳೆದದ್ದೂ ಮನಸ್ಸಿಟ್ಟಲ್ಲ. ಬೆಳೆ ಕೆಡಲು ಅದೇ ಕಾರಣವೆಂದು ನಾನು ಹೇಳಲಾರೆ, ಅವರು ಹಾಗೆಂದು ನಂಬಿದ್ದರು.

ಮುಂದಿನ ಭೇಟಿಯಲ್ಲಿ ಒಂದು ಹಾಳೆಗೆ ನಡುವೆ ಗೆರೆ ಎಳೆದು ಕೊಟ್ಟೆ. ಎಡಕ್ಕೆ ನಡೆದದ್ದು, ಬಲಕ್ಕೆ ತಾವು ಅಂದುಕೊಂಡದ್ದು. ಆಪ್ತಸಲಹೆಯಲ್ಲಿ ಇದು ಹಳೆಯ ಕ್ರಮ. ಕೆಲವರಿಗೆ ಶಾಲೆಯ ಮನೆಪಾಠದಂತೆ ಬೇಸರ ತರಿಸುತ್ತದೆ. ಇವರಿಗೆ ಸಲೀಸಾಯಿತು, ಏಕೆಂದರೆ ಪ್ರತಿ ಬೆಳೆಗೂ ಮೊಟ್ಟೆ ಎಷ್ಟು, ಚಾಕಿ ಯಾವತ್ತು ಬಂತು, ಗೂಡು ಎಷ್ಟು ಕೆ.ಜಿ., ದರ ಏನು ಎಂದು ಪುಸ್ತಕ ಇಟ್ಟು ಬರೆಯುವವರು ಅವರು. "ಕಚೇರಿಗೆ ಹೋದ" ಎಂಬುದು ಎಡಕ್ಕೆ, "ನಾನು ಬಂದದ್ದು ಅವನಿಗೆ ಭಾರವಾಯಿತು" ಎಂಬುದು ಬಲಕ್ಕೆ. "ಕನ್ನಡದಲ್ಲಿ ಮಾತನಾಡಿದ" ಎಡಕ್ಕೆ, "ನಾಚಿಕೆಪಟ್ಟ" ಬಲಕ್ಕೆ. "ಸೀರೆಗೆ ದುಡ್ಡು ಕೊಟ್ಟ" ಎಂದು ಎಡಕ್ಕೆ ಬರೆದು ಬಲಕ್ಕೆ ಬರೆಯಲಾಗದೆ ಪೆನ್ನು ಕೆಳಗಿಟ್ಟರು.

ಆಗ ಹೆಂಡತಿ ಬಾಯಿ ತೆರೆದರು. ಮೈಸೂರಿನ ಅಡುಗೆಮನೆಯಲ್ಲಿ ಆಕೆಗೆ ಸಾಕಷ್ಟು ತಿಳಿದಿತ್ತು. ಆ ವಾರ ಗೆಳೆಯನ ಶಾಖೆಯಲ್ಲಿ ಲೆಕ್ಕ ತಪಾಸಣೆ, ಒಂದು ದಿನದ ರಜೆಯೂ ಸಿಕ್ಕಿರಲಿಲ್ಲ. "ಈಗ ಬೇಡ ಎಂದರೆ ಅವನು ಮತ್ತೆ ಬರುವುದೇ ಇಲ್ಲ" ಎಂದು ಆತ ಅದನ್ನು ಹೇಳದೆ ಮುಚ್ಚಿಟ್ಟಿದ್ದರು. ಮನೆಯಾಕೆ ಮಂಡ್ಯ ಕಡೆಯವರು, ತೆಲುಗು ಬಾರದು. ತನ್ನೆದುರಿಗೆ ತನಗೆ ತಿಳಿಯದ ಮಾತಾಡಬೇಡಿ ಎಂದು ಹಿಂದೊಮ್ಮೆ ಆಕೆ ಗಂಡನಲ್ಲಿ ನೊಂದು ಹೇಳಿದ್ದರಂತೆ. "ಇದನ್ನೆಲ್ಲ ನನಗೇಕೆ ಹೇಳಲಿಲ್ಲ?" ಎಂದು ಇವರು ಕೇಳಿದರು. "ಬಸ್ಸಿನಲ್ಲಿ ಹೇಳಲು ಹೋದೆ. ನೀವು ಕಿಟಕಿ ಕಡೆ ತಿರುಗಿಕೊಂಡಿರಿ" ಎಂದರು ಆಕೆ. ಆಮೇಲೆ ಇನ್ನೊಂದು ಮಾತು ಸೇರಿಸಿದರು: "ಸೀರೆ ಬೀರುವಿನಲ್ಲಿ ಇದೆ. ಪೆಟ್ಟಿಗೆ ಬಿಚ್ಚಬಾರದು ಎಂದಿದ್ದಾರೆ. ಅದು ನನಗೆ ಬಂದ ಸೀರೆ. ನನ್ನನ್ನು ಅವರೂ ಕೇಳಲಿಲ್ಲ, ಇವರೂ ಕೇಳಲಿಲ್ಲ."

ಆ ಮಾತಿಗೆ ನಾನು ತೂಕ ಕೊಟ್ಟೆ, ಈಗಲೂ ಕೊಡುತ್ತೇನೆ. ಗಂಡಸರಿಬ್ಬರು ತಮ್ಮ ಸ್ನೇಹದ ಋಣವನ್ನು ಆಕೆಯ ಸೀರೆಯ ಮೇಲೆ ಹಾಕಿ ಜಗ್ಗಾಡುತ್ತಿದ್ದರು.

ನನ್ನ ಅಭಿಪ್ರಾಯವನ್ನು ಅವರಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಗೆಳೆಯ ತಮ್ಮನ್ನು ಹಗುರವಾಗಿ ಕಂಡರು ಎನ್ನಲು ಆ ಹಾಳೆಯ ಎಡಭಾಗದಲ್ಲಿ ಏನೂ ಇಲ್ಲ. ಇರುವುದು ಇಷ್ಟೇ: ತಮ್ಮ ಐದು ದಿನಗಳ ಬೆಲೆ ಎಷ್ಟೆಂದು ಇವರು ಹೇಳಲಿಲ್ಲ, ತಮಗೆ ಆ ವಾರ ಬಿಡುವಿಲ್ಲವೆಂದು ಅವರು ಹೇಳಲಿಲ್ಲ. ಇಬ್ಬರೂ ಸಂಕೋಚದಿಂದ ಬಾಯಿ ಕಟ್ಟಿಕೊಂಡರು. ಒಂದು ವಾರ ಮುಂದೆ ಹಾಕಲು ಹುಳು ಬಿಡುತ್ತಿರಲಿಲ್ಲ, ನಿಜ. ಆದರೆ ಗೊತ್ತಿದ್ದರೆ ಇವರು ಭಾನುವಾರ ಸೇರುವಂತೆ ಎರಡೇ ದಿನಕ್ಕೆ ಹೋಗಬಹುದಿತ್ತು. ಆ ಎರಡು ದಿನ ಗೆಳೆಯನೂ ಜೊತೆಗಿರುತ್ತಿದ್ದರು. ಬಹುಕಾಲದ ಮೇಲೆ ಸ್ನೇಹಿತರ ಮನೆಗೆ ಹೋಗುವವರಿಗೆ ನಾನು ಹೇಳುವುದು ಇದನ್ನೇ: ಎಷ್ಟು ದಿನ ಇರುತ್ತೀರಿ ಎಂಬುದಕ್ಕಿಂತ ಆ ದಿನಗಳಲ್ಲಿ ಅವರಿಗೆ ಬಿಡುವು ಯಾವಾಗ ಎಂದು ಮೊದಲೇ ಕೇಳಿ. ಏನು ನೋಡಬೇಕೆಂದಿದೆಯೋ ಅದನ್ನು ಫೋನಿನಲ್ಲೇ ಹೇಳಿಬಿಡಿ. ಯಾವುದಕ್ಕೆ ನಾನೇ ದುಡ್ಡು ಕೊಡುತ್ತೇನೆ ಎಂಬುದನ್ನು ಅಂಗಡಿಯ ಮುಂದಲ್ಲ, ಮನೆಯಲ್ಲೇ ಹೇಳಿ. ಕರೆದವರೂ ಅಷ್ಟೆ, "ಬನ್ನಿ, ಆದರೆ ಸೋಮವಾರದಿಂದ ನನಗೆ ಕೆಲಸವಿದೆ" ಎಂದರೆ ಮಾನ ಹೋಗುವುದಿಲ್ಲ.

ಗೆಳೆಯ ಸೀರೆಗೆ ದುಡ್ಡು ಕೊಟ್ಟದ್ದು ಸರಿಯೇ ಎಂದು ಇವರು ಕೇಳಿದರು. ಸರಿಯಲ್ಲ ಎಂದೇ ಹೇಳಿದೆ. ಹಳೆಯ ಉಪಕಾರಕ್ಕೆ ಏನಾದರೂ ಮಾಡಬೇಕೆಂಬ ತಹತಹ ಬಡತನದಿಂದ ಮೇಲೆ ಬಂದವರಲ್ಲಿ ಬಹಳ. ಆತನಿಗೆ ಆ ಅನ್ನ ಮೂವತ್ತು ವರ್ಷ ಎದೆಯ ಮೇಲೆ ಕೂತಿತ್ತು. ಆದರೆ ಉಣಿಸಿದವರ ಮಗ ಕೈ ಹಿಡಿದು ಬೇಡ ಎಂದಾಗ ಕಾರ್ಡ್ ಹಿಂದೆಗೆಯಬೇಕಿತ್ತು. ತಪ್ಪು ಪ್ರೀತಿಯಿಂದಲೇ ಆದದ್ದು, ಆದರೂ ತಪ್ಪೇ. ಅದನ್ನು ಆತನಿಗೆ ಹೇಳುವ ಹಕ್ಕು ನಿಮಗಿದೆ, ಫೋನ್ ಎತ್ತದೆ ಶಿಕ್ಷಿಸುವುದು ಬೇಡ ಎಂದೆ.

ಫೋನಿನಲ್ಲಿ ಏನು ಹೇಳಬೇಕೆಂದು ಕೋಣೆಯಲ್ಲಿ ಅಭ್ಯಾಸ ಮಾಡಿದೆವು. ಮೊದಲ ಮಾತು ಆಳಿನ ಸುಳ್ಳನ್ನು ಒಪ್ಪಿಕೊಳ್ಳುವುದು. ದೂರು ಅದಾದ ಮೇಲೆ. ಅವರು ಸಿಟ್ಟಾದರೆ ನಡುವೆ ಬಾಯಿ ಹಾಕದೆ ಕೇಳುವುದು. ತೆಲುಗಿನಲ್ಲೇ ಮಾತನಾಡಿ, ಹೆಂಡತಿಯರಿಬ್ಬರೂ ಆ ಹೊತ್ತಿಗೆ ಹತ್ತಿರ ಇರುವುದಿಲ್ಲ ಎಂದಾಗ ಮೊದಲ ಸಲ ನಕ್ಕರು.

ಕರೆ ಮಾಡಿದರು. ನಾನು ಎಣಿಸಿದಂತೆ ಗೆಳೆಯ ಸಿಟ್ಟಾದರು. ಸುಳ್ಳು ಹೇಳಿ ಹೋದೆ, ನನ್ನ ಹೆಂಡತಿ ತನ್ನಿಂದ ಏನು ಲೋಪವಾಯಿತೋ ಎಂದು ಕಣ್ಣೀರು ಹಾಕಿದಳು ಎಂದರಂತೆ. ಇವರಿಗೆ ಆ ಯೋಚನೆಯೇ ಹೊಳೆದಿರಲಿಲ್ಲ. ಮರುದಿನ ಮತ್ತೆ ಕರೆ ಮಾಡಿ ಆಕೆಯ ಬಳಿ ಕ್ಷಮೆ ಕೇಳಿದರು. ಅದಕ್ಕೆ ನನ್ನ ಸಲಹೆ ಇರಲಿಲ್ಲ, ತಾವಾಗಿ ಮಾಡಿದ್ದು. ಅಂದಿನಿಂದ ನಿದ್ದೆ ಸುಧಾರಿಸಿದೆ.

ಅವರೆಕಾಯಿ ಕಾಲದಲ್ಲಿ ಗೆಳೆಯನ ಮನೆಯವರು ಇಲ್ಲಿಗೆ ಬರುವುದೆಂದು ಮಾತಾಗಿದೆ. ಹುಳುವನ್ನು ಚಂದ್ರಿಕೆಗೆ ಬಿಟ್ಟ ಮೇಲೆ ಗೂಡು ಕಟ್ಟಿ ಮುಗಿಸುವ ತನಕ ಸೊಪ್ಪಿನ ಕೆಲಸವಿಲ್ಲ, ಆ ದಿನಗಳಿಗೇ ಹೊಂದಿಸಿ ತಾರೀಖು ತಿಳಿಸಿ ಎಂದಿದ್ದೇನೆ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ ಉಪಚಾರ ಮಾಡಬೇಡಿ, ಗೂಡು ಬಿಡಿಸಲು ಕೂರಿಸಿಕೊಳ್ಳಿ, ಮಾರುಕಟ್ಟೆಗೆ ಜೊತೆಯಲ್ಲಿ ಕರೆದುಕೊಂಡು ಹೋಗಿ ಎಂದೂ ಹೇಳಿದ್ದೇನೆ.

ಒಂದು ವಿಷಯ ಬಗೆಹರಿದಿಲ್ಲ. ಗೂಡು ಮಾರಿದ ಮೇಲೆ ಸೀರೆಯ ದುಡ್ಡನ್ನು ಗೆಳೆಯನಿಗೆ ಹಿಂದಿರುಗಿಸಬೇಕೆಂದು ಇವರ ಹಟ. ಹಾಗೆ ಮಾಡಿದರೆ ತಾಯಿ ಹಾಕಿದ ಅನ್ನಕ್ಕೆ ನೀವೇ ಬೆಲೆ ಕಟ್ಟಿದಂತಾಗುತ್ತದೆ ಎಂಬುದು ನನ್ನ ವಾದ. ಅವರು ಒಪ್ಪಿಲ್ಲ. ಹೆಂಡತಿ ಮಾತ್ರ ಪೆಟ್ಟಿಗೆ ಬಿಚ್ಚಿ, ಸೀರೆಗೆ ಫಾಲ್ ಹಾಕಿಸಲು ಕೊಟ್ಟಿದ್ದಾರೆ.