ಹಳೇ ಪಿಕಪ್‌ಗೆ ಗೇರ್‌ಬಾಕ್ಸ್ ಮೌಂಟಿಂಗ್ ಪದೇಪದೇ ಹೋಗ್ತಿದೆ, ಕ್ರಾಸ್ ಮೆಂಬರ್ ಗಟ್ಟಿದು ಮಾಡ್ಸಿದ್ರೆ ಸರಿಹೋಗುತ್ತಾ?

ಸಾರ್, ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರ್ ಮಾಡ್ಕೋಬೇಡಿ, ಯಾಕಂದ್ರೆ ಇದೇ ಪ್ರಶ್ನೆ ಇಟ್ಕೊಂಡು ನಾನೂ ಸಿಕ್ಕಸಿಕ್ಕ ಗ್ಯಾರೇಜಿಗೆಲ್ಲಾ ಅಲೆದಿದ್ದೆ. 2009ರ ಡೀಸೆಲ್ ಪಿಕಪ್, 5 ತಿಂಗಳಿಗೊಂದು ಸಲ ಗೇರ್‌ಬಾಕ್ಸ್ ಮೌಂಟಿಂಗ್, ಅಂದ್ರೆ ಗೇರ್‌ಬಾಕ್ಸ್ ಕೂರೋ ರಬ್ಬರ್ ದಿಂಬು, ಹರ್ಕೊಳ್ತಿದೆ, ಅದು ಕೂರೋ ಕ್ರಾಸ್ ಮೆಂಬರ್, ಅಂದ್ರೆ ಗಾಡಿ ಅಡಿಯ ಚೌಕಟ್ಟಿಗೆ (ಚಾಸಿಗೆ) ಅಡ್ಡ ಹಾಕಿರೋ ಕಬ್ಬಿಣದ ಪಟ್ಟಿ, ಅದ್ರ ತೂತೂ ಅಗಲ ಆಗಿದೆ, ವೆಲ್ಡಿಂಗ್ ಶಾಪಿನೋರು 10 ಎಂಎಂ ಪ್ಲೇಟ್ ಹಾಕಿ ಚಾಸಿಗೇ ವೆಲ್ಡ್ ಹೊಡೆದುಕೊಡ್ತೀವಿ ಅಂತಿದಾರೆ, ಅದನ್ನ ಮಾಡಿಸ್ಲಾ ಇಲ್ಲಾ ಆನ್‌ಲೈನಲ್ಲಿ ಬರೋ ಪಾಲಿಯುರೆಥೇನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನ ಮೌಂಟ್ ಹಾಕ್ಲಾ, ಇದು ತಾನೇ ನೀವು ಕೇಳಿರೋದು. ಚಾಸಿಗೆ ವೆಲ್ಡ್ ಮಾತ್ರ ಹೊಡೆಸ್ಬೇಡಿ. ಮಿಕ್ಕಿದ್ದು ನಿಧಾನವಾಗಿ ಹೇಳ್ತೀನಿ.

ನಂದೂ ಅದೇ ಕಾಲದ ಪಿಕಪ್ಪು. ಕಂಪನಿ ಹೆಸರು ಯಾಕೆ, ತಪ್ಪು ಗಾಡಿದಲ್ಲ, ತೋಟದ ದಾರೀಲಿ ಲೋಡ್ ಮೇಲೆ ಲೋಡ್ ಎಳೆಸಿದ ನಮ್ದೇ. ತಿಪಟೂರು ಕಡೆಯೋನು ನಾನು, ಕಾಯಿ, ಕೊಬ್ಬರಿ, ಮಟ್ಟೆ, ಒಮ್ಮೊಮ್ಮೆ ಸಿಮೆಂಟು, ಏನ್ ಸಿಕ್ಕಿದ್ರೂ ಹಾಕ್ಕೊಂಡು ಹೋಗ್ತಿದ್ದೆ. ಮೂರನೇ ಸಲ ಮೌಂಟಿಂಗ್ ಹೋದಾಗ ತಲೆ ಕೆಟ್ಟು ಒಬ್ಬ ವೆಲ್ಡಿಂಗ್‌ನೋನ ಹತ್ರ ಬಿಟ್ಟೆ, ಅವನು ಬೋಲ್ಟೆಲ್ಲಾ ತೆಗೆದು ಬಿಸಾಕಿ ಕ್ರಾಸ್ ಮೆಂಬರನ್ನ ಎರಡೂ ಕಡೆ ಚಾಸಿಗೆ ಸುತ್ತ ವೆಲ್ಡ್ ಹೊಡೆದು, ಇನ್ನು ಗಾಡಿ ಗುಜರಿಗೆ ಹೋದ್ರೂ ಇದು ಅಲ್ಲಾಡಲ್ಲ ಅಂದ. ಮಾತು ನಿಜವೇ ಆಯ್ತು, ಅಲ್ಲಾಡ್ಲಿಲ್ಲ. ಏಳು ತಿಂಗಳಾದ್ಮೇಲೆ ಕೊಬ್ಬರಿ ಲೋಡ್ ಇಟ್ಕೊಂಡು ಕೆ.ಬಿ. ಕ್ರಾಸ್ ದಾಟಿ ತಿಪಟೂರಿಗೆ ಹೋಗ್ತಿರ್ಬೇಕಾದ್ರೆ ಕ್ಲಚ್ ಪ್ಲೇಟ್ ಸುಟ್ಟು ವಾಸನೆ ಬಂದು ನಿಂತೋಯ್ತು. ಕ್ಲಚ್ ಪ್ಲೇಟ್ ಹಾಕ್ಬೇಕು ಅಂದ್ರೆ ಗೇರ್‌ಬಾಕ್ಸ್ ಹಿಂದಕ್ಕೆ ಎಳೆದು ಇಳಿಸ್ಬೇಕು, ಗೇರ್‌ಬಾಕ್ಸ್ ಇಳೀಬೇಕು ಅಂದ್ರೆ ಕ್ರಾಸ್ ಮೆಂಬರ್ ಬಿಚ್ಬೇಕು, ಅದು ಬಿಚ್ಚೋಕೆ ಬೋಲ್ಟೇ ಇಲ್ವಲ್ಲ! ಮೆಕ್ಯಾನಿಕ್ ಗಾಡಿ ಕೆಳಗಿಂದ ಎದ್ದು ಬಂದು ಕೈ ಒರೆಸ್ಕೊಂಡು, ಇದ್ಯಾವನಣ್ಣ ಮಾಡಿದ್ದು ಅಂದ. ಕೊನೆಗೆ ಗ್ಯಾಸ್ ಕಟ್ಟರ್ ತರಿಸಿ ಕೊಯ್ದಿದ್ದು, ಪಕ್ಕದಲ್ಲೇ ಬ್ರೇಕ್ ಪೈಪು, ಸ್ವಲ್ಪ ಆಚೆ ಡೀಸೆಲ್ ಪೈಪು, ಒಬ್ಬ ಒದ್ದೆ ಗೋಣಿಚೀಲ ಹಿಡ್ಕೊಂಡು ನಿಂತಿದ್ದ. ಕ್ಲಚ್ ಕೆಲಸಕ್ಕಿಂತ ಆ ಕೊಯ್ಯೋ ಕೆಲಸಕ್ಕೇ ಜಾಸ್ತಿ ಹೊತ್ತು ಹಿಡೀತು.

ಬಿಚ್ಚೋಕೆ ಆಗಲ್ಲ ಅನ್ನೋದು ಒಂದಾದ್ರೆ, ಚಾಸಿಗೆ ಆಗೋ ಡ್ಯಾಮೇಜು ಇನ್ನೊಂದು. ಚಾಸಿ ಮೇನ್ ರೈಲು, ಅಂದ್ರೆ ಉದ್ದಕ್ಕೆ ಹೋಗೋ ತೊಲೆ, ಅದ್ರ ಮೇಲಂಚು ಕೆಳಅಂಚು ಇದ್ಯಲ್ಲಾ, ಲೋಡ್ ಬಿದ್ದಾಗ ಬಗ್ಗೋ ಒತ್ತಡ ಎಲ್ಲಾ ಅಲ್ಲೇ ಜಾಸ್ತಿ, ನಡುವಿನ ನಿಂತಿರೋ ಪಟ್ಟೀಲಿ ಕಮ್ಮಿ. ಆ ಅಂಚಿಗೆ ಅಡ್ಡಕ್ಕೆ ವೆಲ್ಡ್ ಹೊಡೆದ್ರೆ ಅಥವಾ ತೂತು ಕೊರೆದ್ರೆ ಬಿರುಕು ಬಿಡೋದು ಅಲ್ಲಿಂದ್ಲೇ, ಅದೂ ವೆಲ್ಡ್ ಮೇಲಲ್ಲ, ವೆಲ್ಡ್ ಮುಗಿಯೋ ಪಕ್ಕದಲ್ಲಿ. ನಂದ್ರಲ್ಲಿ ಕೊಯ್ದಾಗ ಬಲಗಡೆ ಕೂದಲೆಳೆ ತರ ಒಂದು ಗೆರೆ ಕಾಣ್ತು, ತುಕ್ಕಿನ ಬಣ್ಣ ಬಂದಿತ್ತು, ಅಂದ್ರೆ ಬಿರುಕು ಬಿಟ್ಟು ತುಂಬಾ ದಿನ ಆಗಿತ್ತು.

ಈಗ ಮೇನ್ ವಿಷಯಕ್ಕೆ ಬರ್ತೀನಿ. ನಿಮ್ಮ ಮೌಂಟಿಂಗ್ ಹೋಗ್ತಿರೋದು ಅದು ವೀಕ್ ಅಂತ ಅಲ್ಲ, ಅದ್ರ ಕೈಲಿ ಬೇರೆಯೋರ ಕೆಲಸ ಮಾಡಿಸ್ತಿದೀರಿ ಅಂತ ನನಗನ್ಸುತ್ತೆ. ಇಂಥ ಗಾಡೀಲಿ ಎಂಜಿನ್ನು ಗೇರ್‌ಬಾಕ್ಸು ಒಂದೇ ಪೀಸ್ ತರ ಜೋಡ್ಸಿರ್ತಾರೆ, ಅದು ಕೂರೋದು ಮೂರು ಕಡೆ, ಮುಂದೆ ಎಂಜಿನ್ ಎಡಕ್ಕೊಂದು ಬಲಕ್ಕೊಂದು, ಹಿಂದೆ ಗೇರ್‌ಬಾಕ್ಸ್ ಬಾಲದ ಕೆಳಗೊಂದು. ಎಂಜಿನ್ ಟಾರ್ಕ್, ಅಂದ್ರೆ ತಿರುಗಿಸೋ ಬಲ, 200 ನ್ಯೂಟನ್ ಮೀಟರ್ ಅಂತಿಟ್ಕೊಳಿ, ಫಸ್ಟ್ ಗೇರಲ್ಲಿ ಅದು ಸುಮಾರು 4 ಪಟ್ಟಾಗಿ, ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯೋ ಪ್ರೊಪೆಲ್ಲರ್ ಶಾಫ್ಟಿಗೆ ಹೋಗುತ್ತೆ, 800 ಆಯ್ತಲ್ಲ, ಅಷ್ಟೇ ಜೋರಾಗಿ ಇಡೀ ಎಂಜಿನ್ ಗೇರ್‌ಬಾಕ್ಸ್ ಉಲ್ಟಾ ಕಡೆ ಮಗುಚ್ಕೊಳ್ಳೋಕೆ ನೋಡುತ್ತೆ. ಅದನ್ನ ತಡೆಯೋದು ಮುಖ್ಯವಾಗಿ ಮುಂದಿನ ಎರಡು, ಯಾಕಂದ್ರೆ ಅವು ದೂರ ದೂರ ಇದಾವೆ. ಹಿಂದಿಂದು ಮಧ್ಯದಲ್ಲಿ ಇರೋದ್ರಿಂದ ಅದ್ರ ಕೆಲಸ ಬಾಲದ ತೂಕ ಹೊರೋದು, ಹಿಂದೆಮುಂದೆ ಜಗ್ಗದಂಗೆ ಹಿಡಿಯೋದು. ಮುಂದಿನ ರಬ್ಬರ್ ಸತ್ತೋಗಿದ್ರೆ ಆ ತಿರುಚೋದೆಲ್ಲಾ ಹಿಂದಿನ ಬಡಪಾಯಿ ಮೇಲೆ ಬೀಳುತ್ತೆ, ಹೊಸದು ಹಾಕಿದ್ರೂ ಬಟ್ಟೆ ಹಿಂಡಿದಂಗೆ ಹಿಂಡಿ ಹಾಕುತ್ತೆ.

ಇದನ್ನ ಟೆಸ್ಟ್ ಮಾಡೋದು ಸುಲಭ. ಸಮ ಜಾಗದಲ್ಲಿ ನಿಲ್ಸಿ, ಚಕ್ರಕ್ಕೆ ಅಡ್ಡ ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಗೊತ್ತಿರೋ ಡ್ರೈವರ್ ಒಬ್ಬನ್ನ ಕೂರಿಸಿ ಬ್ರೇಕ್ ಒತ್ತಿ ಹಿಡಿದು ಕ್ಲಚ್ ಒಂಚೂರೇ ಬಿಡೋಕೆ ಹೇಳಿ, ಫಸ್ಟಲ್ಲಿ ಒಂದ್ಸಲ ರಿವರ್ಸಲ್ಲಿ ಒಂದ್ಸಲ. ನೀವು ಬಾನೆಟ್ ತೆಗೆದು ಪಕ್ಕದಲ್ಲಿ ನಿಂತು ಎಂಜಿನ್ ನೋಡಿ, ಗಾಡಿ ಮುಂದೆ ನಿಲ್ಬೇಡಿ. ಫಸ್ಟಲ್ಲಿ ಒಂದು ಕಡೆ ಏಳುತ್ತೆ, ರಿವರ್ಸಲ್ಲಿ ಇನ್ನೊಂದು ಕಡೆ. ಸ್ವಲ್ಪ ಎದ್ರೆ ಸಹಜ, ಒಂದು ಇಂಚು ಎದ್ದು ಕುಕ್ಕರಿಸಿದ್ರೆ ಮುಂದಿನ ಮೌಂಟಿಂಗ್ ಹೋಗಿದೆ ಅಂತ ಅರ್ಥ. ಲೋಡಲ್ಲಿ ಹೊರಡುವಾಗ ಗೇರ್ ಲಿವರ್ ಕುಣಿಯುತ್ತೆ, ದಿಣ್ಣೇಲಿ ಗೇರ್ ತಾನಾಗೇ ನ್ಯೂಟ್ರಲ್ ಆಗುತ್ತೆ ಅಂತೇನಾದ್ರೂ ಇದ್ರೆ ಅದಕ್ಕೂ ಇದು ಕಾರಣ ಇರ್ಬಹುದು.

ಎರಡನೇದು ಎಣ್ಣೆ. ಹಳೇ ಮೌಂಟಿಂಗ್ ಬಿಸಾಕಿಲ್ಲಾ ಅಂದ್ರೆ ಕೈಲಿ ಹಿಡಿದು ನೋಡಿ. ರಬ್ಬರ್ ಒಣಗಿ ಬಿರುಕು ಬಿಟ್ಟಿದ್ರೆ ವಯಸ್ಸು. ಕಬ್ಬಿಣದ ಪ್ಲೇಟಿಂದ ಶುದ್ಧವಾಗಿ ಕಿತ್ಕೊಂಡು ಬಂದಿದ್ರೆ ಡೂಪ್ಲಿಕೇಟ್ ಮಾಲು, ಅಂಟು ಸರಿಯಿಲ್ಲ. ಉಬ್ಬಿ, ಮೆತ್ತಗಾಗಿ, ಉಗುರಲ್ಲಿ ಗೀರಿದ್ರೆ ಕರೀ ಬೆಣ್ಣೆ ತರ ಬಂದ್ರೆ ಎಣ್ಣೆ ಕುಡಿದಿದೆ. ನಂದು ಈ ಮೂರನೇ ಕೇಸು. ಗೇರ್‌ಬಾಕ್ಸ್ ಹಿಂದಿನ ಆಯಿಲ್ ಸೀಲ್, ಅಂದ್ರೆ ಎಣ್ಣೆ ಹೊರಗೆ ಬರದಂಗೆ ತಡೆಯೋ ರಬ್ಬರ್ ಬಳೆ, ಲೀಕು, ಸೀಲ್ ಎರಡು ಸಲ ಹಾಕ್ಸಿದ್ರೂ ಮತ್ತೆ ಲೀಕು. ಕೊನೆಗೆ ಅದೇ ಕ್ಲಚ್ ಕೆಲಸದಲ್ಲಿ ಗೇರ್‌ಬಾಕ್ಸ್ ಕೆಳಗೆ ಇಟ್ಟಿದ್ರಲ್ಲ, ಹುಡುಗನೊಬ್ಬ ಮೇಲಿನ ಮಣ್ಣು ಕೆರೀತಾ ಇದ್ದೋನು ಇದೇನಣ್ಣ ಇದು ಅಂತ ಕೇಳ್ದ, ನೋಡಿದ್ರೆ ಬ್ರೀದರ್. ಬೆರಳ ತುದಿಯಷ್ಟು ಒಂದು ಮೂತಿ, ಕೆಸರು ಗ್ರೀಸು ಸೇರಿ ಕಲ್ಲಾಗಿ ಕೂತಿತ್ತು. ಗೇರ್‌ಬಾಕ್ಸ್ ಬಿಸಿ ಆದಾಗ ಒಳಗಿನ ಗಾಳಿ ಹಿಗ್ಗಿ ಆ ಮೂತೀಲಿ ಹೊರಗೆ ಹೋಗ್ಬೇಕು, ಅದು ಮುಚ್ಕೊಂಡ್ರೆ ಗಾಳಿ ಎಣ್ಣೇನ ಸೀಲ್ ಕಡೆ ದಬ್ಬುತ್ತೆ. ಒಂದು ಸಣ್ಣ ವೈರು, ಒಂದಿಷ್ಟು ಡೀಸೆಲ್, ಎರಡು ನಿಮಿಷದ ಕೆಲಸ. ಅಷ್ಟಕ್ಕೆ ನಾನು ಎರಡು ಸೀಲು ಮೂರು ಮೌಂಟಿಂಗು ಒಂದು ಚಾಸಿ ವೆಲ್ಡಿಂಗಿಗೆ ದುಡ್ಡು ಸುರಿದಿದ್ದೆ.

ಇಷ್ಟು ನೋಡಿ ಆದ್ಮೇಲೆ ಕ್ರಾಸ್ ಮೆಂಬರ್. ನಿಮ್ದು ತೂತು ಅಂಡಾಕಾರ ಆಗಿದೆ ಅಂದ್ರೆ ಅದು ಮಾಡಿಸ್ಲೇಬೇಕು, ಬೇಡ ಅನ್ನಲ್ಲ. ಆದ್ರೆ ಬೋಲ್ಟಲ್ಲೇ ಕೂರೋ ತರ ಮಾಡಿಸಿ. ನಾನು ಮಾಡಿಸಿದ್ದು ಹೀಗೆ, ಗುಜರಿ ಅಂಗಡೀಲಿ ಅದೇ ಮಾಡೆಲ್‌ದು ಸೊಟ್ಟ ಆಗದ ಇನ್ನೊಂದು ಕ್ರಾಸ್ ಮೆಂಬರ್ ಹುಡುಕಿದೆ, ಅದನ್ನ ಲೇತ್ ಶಾಪಿಗೆ ಕೊಟ್ಟು, ಮೌಂಟಿಂಗ್ ಕೂರೋ ಜಾಗಕ್ಕೆ ಕೆಳಗಡೆಯಿಂದ 5 ಎಂಎಂ ಪ್ಲೇಟ್, ತೆರೆದಿದ್ದ ಕೆಳಭಾಗಕ್ಕೆ ಪಟ್ಟಿ ಹೊಡೆಸಿ ಬಾಕ್ಸ್ ತರ ಮುಚ್ಚಿಸ್ದೆ. ತೆರೆದ ಚಾನೆಲ್ಲಿಗಿಂತ ಮುಚ್ಚಿದ ಬಾಕ್ಸು ತಿರುಚೋಕೆ ತುಂಬಾ ಗಟ್ಟಿ, 10 ಎಂಎಂ ಪ್ಲೇಟ್ ಎಲ್ಲಾ ಬೇಕಾಗಿಲ್ಲ. ಬೋಲ್ಟ್ ಹೋಗೋ ಕಡೆ ಒಳಗೆ ಪೈಪಿನ ತುಂಡು ಇಡಿಸಿ, ಇಲ್ಲಾಂದ್ರೆ ಟೈಟ್ ಮಾಡ್ದಾಗ ಬಾಕ್ಸು ಒಳಗೆ ಕುಸಿದು ಆಮೇಲೆ ಬೋಲ್ಟ್ ಲೂಸ್ ಆಗುತ್ತೆ. ನೀರು ಇಳಿಯೋಕೆ ಕೆಳಗೊಂದು ಸಣ್ಣ ತೂತು ಮರೀಬೇಡಿ. ಬೋಲ್ಟು ತಲೆ ಮೇಲೆ 8.8 ಅಂತ (ಗಟ್ಟಿತನದ ಗ್ರೇಡು) ಅಚ್ಚು ಇರೋದೇ ತಗೊಳಿ, ಹಾರ್ಡ್‌ವೇರ್ ಅಂಗಡೀಲಿ ಗೇಟಿಗೆ ಹಾಕೋ ಬೋಲ್ಟು ಕೊಟ್ರೆ ವಾಪಸ್ ಕೊಡಿ, ನಟ್ಟು ನೈಲಾನ್ ಇರೋ ಲಾಕ್ ನಟ್ಟು.

ಎತ್ತರ ಮಾತ್ರ ಒರಿಜಿನಲ್ ಎಷ್ಟಿತ್ತೋ ಅಷ್ಟೇ ಇರ್ಬೇಕು. ಪ್ಲೇಟ್ ಮೇಲ್ಗಡೆ ಹಾಕಿದ್ರೆ ಗೇರ್‌ಬಾಕ್ಸ್ ಬಾಲ ಅಷ್ಟು ಮೇಲಕ್ಕೆ ಏಳುತ್ತೆ, ಮುಂದಿನ ಮೌಂಟಿಂಗಿಂದ ಹಿಂದಿಂದಕ್ಕೆ 1 ಮೀಟರ್ ಅಂದ್ರೆ 10 ಎಂಎಂ ಎತ್ತಿದ್ರೆ ಹೆಚ್ಚುಕಮ್ಮಿ ಅರ್ಧ ಡಿಗ್ರಿ ಮೇಲೆ ಬದಲಾಗುತ್ತೆ. ಕೇಳೋಕೆ ಏನೂ ಅಲ್ಲ, ಆದ್ರೆ ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದೀಲಿ ಬಗ್ಗೋ ಕೀಲು, ಅಂದ್ರೆ ಕ್ರಾಸ್ ಜಾಯಿಂಟ್ ಇರುತ್ತೆ, ಅವೆರಡರ ಕೋನ ಒಂದಕ್ಕೊಂದು ಸುಮಾರು 1 ಡಿಗ್ರಿ ಒಳಗೇ ಹೊಂದ್ಕೋಬೇಕು, ಮೊದ್ಲೇ ಸ್ಪ್ರಿಂಗ್ ಪಟ್ಟಿ ಬಗ್ಗಿ ಎತ್ತರ ಬದಲಾಗಿರೋ ಹಳೇ ಗಾಡೀಲಿ ಆ ಅರ್ಧ ಡಿಗ್ರಿಗೇ 60 ಸ್ಪೀಡಲ್ಲಿ ಗುಂಯ್ ಅನ್ನೋಕೆ ಶುರುವಾಗುತ್ತೆ, ಆಮೇಲೆ ಶಾಫ್ಟನ್ನ ನಡುವೆ ಹಿಡಿಯೋ ಸೆಂಟರ್ ಬೇರಿಂಗ್ ಬದಲಾಯಿಸ್ಕೊಂಡು ಕೂರ್ಬೇಕು.

ಪಾಲಿಯುರೆಥೇನ್ ಬಗ್ಗೆ ನನ್ನ ಅಭಿಪ್ರಾಯ, ಬೇಡ. ಎಣ್ಣೆ ತಡೆಯುತ್ತೆ, ಜಾಸ್ತಿ ದಿನ ಬಾಳುತ್ತೆ, ಅದೆಲ್ಲಾ ನಿಜ. ಆದ್ರೆ ಮುಂದಿನ ಎರಡು ಮೆತ್ತನೆ ರಬ್ಬರ್ರು, ಹಿಂದಿಂದು ಮಾತ್ರ ಕಲ್ಲಿನಂಗೆ ಗಟ್ಟಿ ಅಂದ್ರೆ ಎಂಜಿನ್ ಮುಂದೆ ಅಲ್ಲಾಡುತ್ತೆ, ಬಾಲ ಅಲ್ಲಾಡಲ್ಲ, ಆ ಜಗಳ ಎಲ್ಲಾ ಗೇರ್‌ಬಾಕ್ಸ್ ಬಾಲದ ಅಲ್ಯೂಮಿನಿಯಂ ಬಾಡಿ ಮೇಲೆ. ಮೌಂಟಿಂಗ್ ಹೋದ್ರೆ ಸಾವಿರದ ಲೆಕ್ಕ, ಆ ಬಾಡಿ ಸೀಳಿದ್ರೆ ಎಷ್ಟು ಅಂತ ಬೆಂಗಳೂರು ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡೀಲಿ ಒಂದ್ಸಲ ಕೇಳಿ ಬನ್ನಿ. ಜೊತೆಗೆ ನಾಲ್ಕು ಸಿಲಿಂಡರ್ ಡೀಸೆಲ್ ಐಡಲ್ ಅದುರಾಟ ಪೂರ್ತಿ ಸೀಟಿಗೇ ಬರುತ್ತೆ, ದಿನಕ್ಕೆ 8 ಗಂಟೆ ಅದ್ರಲ್ಲಿ ಕೂರೋ ಸೊಂಟ ನಿಮ್ದು. ಒರಿಜಿನಲ್ ರಬ್ಬರ್, ಮೂರೂ ಒಟ್ಟಿಗೆ ಹಾಕಿ.

ನೀವೇ ಮಾಡ್ಕೊಳ್ಳೋದಾದ್ರೆ ಬ್ಯಾಟರಿ ನೆಗೆಟಿವ್ ಬಿಚ್ಚಿ, ಚಾಸಿ ಕೆಳಗೆ ಸ್ಟ್ಯಾಂಡ್ ಇಡಿ. ನಮ್ಮೂರಲ್ಲಿ ಒಬ್ರು ಸಿಮೆಂಟ್ ಹಾಲೋ ಬ್ಲಾಕ್ ಇಟ್ಟು ಕೆಳಗೆ ಹೋಗೋಕೆ ಮುಂಚೆ ಟೀ ಕುಡಿಯೋಕೆ ಅಂತ ಎದ್ರು, ಅಷ್ಟರಲ್ಲಿ ಅದು ಪುಡಿಪುಡಿ ಆಗಿ ಗಾಡಿ ಕೂತ್ಕೊಳ್ತು, ಇವತ್ತಿಗೂ ಆ ಟೀ ಅಂಗಡಿಯೋನಿಗೆ ಕೈ ಮುಗೀತಾರೆ. ಗೇರ್‌ಬಾಕ್ಸ್ ಕೆಳಗೆ ಮರದ ಹಲಗೆ ಇಟ್ಟು ಜ್ಯಾಕ್ ಕೊಡಿ, ಎಂಜಿನ್ ಸಂಪ್ (ಆಯಿಲ್ ನಿಲ್ಲೋ ಕೆಳಗಿನ ತಟ್ಟೆ) ಕೆಳಗೆ ಕೊಡ್ಬೇಡಿ, ಚಪ್ಪಟೆ ಆಗುತ್ತೆ. ಕ್ರಾಸ್ ಮೆಂಬರ್ ತೆಗೆದ್ಮೇಲೆ ಬಾಲ ಜಾಸ್ತಿ ಇಳಿಸ್ಬೇಡಿ, ಹಿಂದೆ ಇಳಿದಷ್ಟೂ ಮುಂದೆ ಫ್ಯಾನು ರೇಡಿಯೇಟರ್ ಕವರಿಗೆ ತಾಗುತ್ತೆ, ಕ್ಲಚ್ ಪೈಪೂ ಎಳ್ಕೊಳ್ಳುತ್ತೆ. ಸೈಲೆನ್ಸರ್ ಕ್ಲಾಂಪ್ ಕ್ರಾಸ್ ಮೆಂಬರಿಗೆ ಸೇರ್ಕೊಂಡಿದ್ರೆ ಅದನ್ನ ಮೊದ್ಲು ಬಿಚ್ಚಿ.

ಹಾಕುವಾಗ ಎಲ್ಲಾ ಬೋಲ್ಟನ್ನ ಕೈಲಿ ಹತ್ತಿಸಿ, ಜ್ಯಾಕ್ ತೆಗೆದು, ಪೂರ್ತಿ ತೂಕ ರಬ್ಬರ್ ಮೇಲೆ ಬಿಟ್ಟು, ಎಂಜಿನ್ ಎರಡು ನಿಮಿಷ ಐಡಲ್ ಓಡ್ಸಿ ಆಫ್ ಮಾಡಿ ಆಮೇಲೆ ಟೈಟ್ ಮಾಡಿ. ಮೊದ್ಲೇ ಬಿಗಿದ್ರೆ ರಬ್ಬರ್ ಹುಟ್ಟಿನಿಂದ್ಲೇ ತಿರುಚ್ಕೊಂಡು ಕೂತಿರುತ್ತೆ. 500 ಕಿಲೋಮೀಟರ್ ಆದ್ಮೇಲೆ ಒಂದ್ಸಲ ಪಾನ ಹಾಕಿ ನೋಡಿ, ನಂದ್ರಲ್ಲಿ ಎಡಗಡೆ ಬೋಲ್ಟ್ ಕಾಲು ಸುತ್ತು ಬಂತು. ಆ ಮೌಂಟಿಂಗ್ ಹಾಕಿ ಈಗ ನಾಲ್ಕನೇ ವರ್ಷ, ಹೋದ ತಿಂಗಳು ಎಫ್‌ಸಿಗೆ ಮುಂಚೆ ತೊಳೆಸುವಾಗ ಕೆಳಗೆ ಬಗ್ಗಿ ನೋಡ್ದೆ, ರಬ್ಬರ್ ಮೇಲೆ ಎಣ್ಣೆ ಪಸೆ ಇರ್ಲಿಲ್ಲ.