ಮಾತ್ರೆ ನಾಲಿಗೆಯ ಬುಡ ದಾಟಿದ ಮೇಲೆ

ಈ ಸಂಚಿಕೆಯಲ್ಲಿ, ಬೆಕ್ಕು ಮತ್ತು ನಾಯಿಗಳಿಗೆ ಮಾತ್ರೆ ಕೊಡುವ ಕೈಸಾಧನದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ನಮ್ಮ ಪಶುವೈದ್ಯರು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ನಾಲ್ಕು ವರ್ಷದ ಬೆಕ್ಕಿಗೆ ಮೂಗು ಮತ್ತು ಗಂಟಲಿನ ಸೋಂಕಾಗಿ ಪಶುವೈದ್ಯರು 10 ದಿನಗಳಿಗೆ ಡಾಕ್ಸಿಸೈಕ್ಲಿನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಬೆರಳಿನಿಂದ ಕೊಡಲು ಹೋಗಿ ಎರಡು ಸಲ ಕಚ್ಚಿಸಿಕೊಂಡೆ. ಆಮೇಲೆ ಅಂಗಡಿಯಿಂದ ‘ಪಿಲ್ ಗನ್’ ಎಂಬ ಸಾಧನವನ್ನು ತಂದೆ. ಈಗ ಮಾತ್ರೆಯೇನೋ ಒಳಗೆ ಹೋಗುತ್ತಿದೆ, ಆದರೆ ಕೆಲವೊಮ್ಮೆ ಬಾಯಲ್ಲಿ ನೊರೆ ಬರುತ್ತದೆ. ಗಂಟಲಿಗೆ ಪೆಟ್ಟಾದೀತೇ ಎಂಬ ಭಯವೂ ಇದೆ. ಮಾತ್ರೆಯ ನಂತರ ನೀರು ಕುಡಿಸುವುದು ಅಗತ್ಯವೇ?
– ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದೆಲ್ಲಕ್ಕಿಂತ ಅದೇ ಮುಖ್ಯವಾದದ್ದು. ನೀರು ಕುಡಿಸಲೇಬೇಕು. ಬೆಕ್ಕು ಮಾತ್ರೆಯನ್ನು ನುಂಗಿದಂತೆ ಕಂಡರೂ ಒಣ ಮಾತ್ರೆ ಹೊಟ್ಟೆಯನ್ನು ತಲುಪದೆ ಅನ್ನನಾಳದ ನಡುವೆಯೇ 5 ನಿಮಿಷಕ್ಕೂ ಹೆಚ್ಚು ಹೊತ್ತು ಅಂಟಿಕೊಂಡು ನಿಲ್ಲಬಹುದು. ಬೇರೆ ಮಾತ್ರೆಯಾದರೆ ಇದರಿಂದ ದೊಡ್ಡ ಹಾನಿ ಆಗದಿರಬಹುದು. ಆದರೆ ಡಾಕ್ಸಿಸೈಕ್ಲಿನ್, ಅದರಲ್ಲೂ ನಮ್ಮಲ್ಲಿ ಹೆಚ್ಚಾಗಿ ಸಿಗುವ ಅದರ ಹೈಕ್ಲೇಟ್ ಲವಣ, ಕರಗಿದಾಗ ಆಮ್ಲೀಯವಾಗುವುದರಿಂದ ನಿಂತ ಜಾಗದಲ್ಲೇ ಅನ್ನನಾಳದ ಒಳಪದರವನ್ನು ಸುಡುತ್ತದೆ. ಆ ಹುಣ್ಣು ಮಾಯುವಾಗ ನಾಳ ಕಿರಿದಾದರೆ, ಕೆಲವು ದಿನ ಅಥವಾ ವಾರಗಳ ನಂತರ ಬೆಕ್ಕು ತಿಂದ ಅನ್ನವನ್ನು ಅರಗುವ ಮೊದಲೇ ಹೊರಹಾಕತೊಡಗುತ್ತದೆ, ಕತ್ತು ಚಾಚಿ ಕಷ್ಟಪಟ್ಟು ನುಂಗುತ್ತದೆ, ಜೊಲ್ಲು ಸುರಿಸುತ್ತದೆ. ಕ್ಲಿಂಡಮೈಸಿನ್ ಕ್ಯಾಪ್ಸೂಲಿನಿಂದಲೂ ಇದೇ ತೊಂದರೆ ಆಗುವುದುಂಟು. ವೃತ್ತಿಯ ಮೊದಲ ವರ್ಷಗಳಲ್ಲಿ ಮಾತ್ರೆ ಬರೆದುಕೊಟ್ಟು, ನೀರಿನ ಮಾತನ್ನು ಹೇಳದೆ ಕಳಿಸಿದವರಲ್ಲಿ ನಾನೂ ಒಬ್ಬ. ಆದ್ದರಿಂದಲೇ ಈಗ ಚೀಟಿಯಲ್ಲಿ ಮಾತ್ರೆಯ ಹೆಸರಿನ ಪಕ್ಕದಲ್ಲೇ ನೀರಿನ ಪ್ರಮಾಣವನ್ನೂ ಬರೆಯುತ್ತೇನೆ.

ಪ್ರಮಾಣವೆಂದರೆ 5ರಿಂದ 6 ಮಿಲಿಲೀಟರ್, ಸುಮಾರು ಒಂದು ಟೀ ಚಮಚೆಯಷ್ಟು. ಸೂಜಿ ತೆಗೆದ ಹೊಸ ಸಿರಿಂಜಿನಲ್ಲಿ ನೀರು ತುಂಬಿಕೊಂಡು ಮೊದಲೇ ಪಕ್ಕದಲ್ಲಿಟ್ಟುಕೊಳ್ಳಿ. ಅದನ್ನು ಗಂಟಲಿನತ್ತ ನೇರವಾಗಿ ಚಿಮ್ಮಿಸಿದರೆ ನೀರು ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಕೋರೆಹಲ್ಲಿನ ಹಿಂದಿನ ಸಂದಿಯಲ್ಲಿ, ಕೆನ್ನೆಯ ಬದಿಯಿಂದ, ಒಂದೊಂದೇ ಮಿಲಿಲೀಟರಿನಂತೆ ಬಿಟ್ಟು, ಬೆಕ್ಕು ನುಂಗಿದ ಮೇಲೆ ಮುಂದಿನದನ್ನು ಕೊಡಿ. ನೀರು ಕಂಡರೆ ಓಡುವ ಬೆಕ್ಕಾದರೆ ಉಪ್ಪು, ಮಸಾಲೆ, ಈರುಳ್ಳಿ, ಬೆಳ್ಳುಳ್ಳಿ ಯಾವುದನ್ನೂ ಹಾಕದೆ ಬೇಯಿಸಿದ ಮೀನಿನ ನೀರನ್ನು ತಟ್ಟೆಯಲ್ಲಿ ಇಡಬಹುದು, ಅನೇಕ ಬೆಕ್ಕುಗಳು ಅದನ್ನು ತಾವಾಗಿಯೇ ನೆಕ್ಕಿ ಕುಡಿಯುತ್ತವೆ. ಹಾಲು ಮಾತ್ರ ಬೇಡ, ಅದರಲ್ಲಿರುವ ಕ್ಯಾಲ್ಸಿಯಂ ಈ ಔಷಧ ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ.

ಇನ್ನು ಸಾಧನದ ವಿಷಯ. ಅದು ಮೃದುವಾದ ರಬ್ಬರ್ ತುದಿಯಲ್ಲಿ ಮಾತ್ರೆಯನ್ನು ಹಿಡಿದಿಟ್ಟುಕೊಂಡು, ಹಿಂದಿನ ದಂಡವನ್ನು ಒತ್ತಿದಾಗ ಹೊರಬಿಡುವ ಒಂದು ಕೊಳವೆ, ಅಷ್ಟೇ. ನಾಲಿಗೆಯ ಬುಡಕ್ಕೆ ಮಾತ್ರೆಯನ್ನು ತಲುಪಿಸುವುದು ಮತ್ತು ನಿಮ್ಮ ಬೆರಳನ್ನು ಹಲ್ಲುಗಳಿಂದ ದೂರವಿಡುವುದು ಅದರ ಕೆಲಸ. ಬೆಕ್ಕನ್ನು ಮೇಜಿನ ಮೇಲೆ, ಅದರ ಬೆನ್ನು ನಿಮ್ಮತ್ತ ಇರುವಂತೆ ಕೂರಿಸಿ. ಪರಚುವ ಬೆಕ್ಕಾದರೆ ಮುಂಗಾಲುಗಳು ಒಳಗೆ ಸೇರುವಂತೆ ದಪ್ಪ ಟವೆಲ್ ಸುತ್ತಿ. ಎಡಗೈಯನ್ನು ತಲೆಯ ಮೇಲಿನಿಂದ ತಂದು, ಹೆಬ್ಬೆರಳು ಮತ್ತು ನಡುಬೆರಳನ್ನು ಎರಡೂ ಕೆನ್ನೆಯ ಮೂಳೆಗಳ ಮೇಲಿಟ್ಟು ಮೂಗನ್ನು ನಿಧಾನವಾಗಿ ಮೇಲಕ್ಕೆತ್ತಿದರೆ ಕೆಳದವಡೆ ತಾನಾಗಿಯೇ ಸ್ವಲ್ಪ ಸಡಿಲವಾಗುತ್ತದೆ. ಬಲಗೈಯ ಒಂದು ಬೆರಳಿನಿಂದ ಕೆಳಗಿನ ಮುಂದಿನ ಸಣ್ಣ ಹಲ್ಲುಗಳನ್ನು ಒತ್ತಿ ಬಾಯಿ ತೆರೆದು, ನಾಲಿಗೆಯ ನಡುಗೆರೆಯ ಮೇಲೆ ಸಾಧನದ ತುದಿಯನ್ನು ಬುಡದವರೆಗೆ ಒಯ್ದು ದಂಡವನ್ನು ಒತ್ತಿ, ಕೂಡಲೇ ಹೊರತೆಗೆಯಿರಿ. ತುದಿ ಗಂಟಲಿನ ಹಿಂಗೋಡೆಯನ್ನು ಮುಟ್ಟಬಾರದು. ತಡೆ ಸಿಕ್ಕಿದಂತೆ ಕಂಡರೆ ಒತ್ತಡ ಹಾಕದೆ ಹಿಂದಕ್ಕೆ ತನ್ನಿ. ಮಾತ್ರೆ ಬಿದ್ದೊಡನೆ ಬಾಯಿ ಮುಚ್ಚಿಸಿ ತಲೆಯನ್ನು ಸಹಜ ಮಟ್ಟಕ್ಕೆ ಇಳಿಸಬೇಕು. ತಲೆಯನ್ನು ಎತ್ತಿ ಹಿಡಿದೇ ಇದ್ದರೆ ಬೆಕ್ಕಿಗೆ ನುಂಗುವುದು ಕಷ್ಟವಾಗುತ್ತದೆ. ಅದು ಮೂಗನ್ನು ನೆಕ್ಕಿಕೊಂಡರೆ ನುಂಗಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು.

ನೊರೆ ಬರುವುದಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಕಹಿಯೇ ಕಾರಣ. ಮಾತ್ರೆ ನಾಲಿಗೆಯ ಮುಂಭಾಗದಲ್ಲಿ ಬಿದ್ದು ಕರಗತೊಡಗಿದರೆ ಬೆಕ್ಕು ಧಾರಾಕಾರವಾಗಿ ಜೊಲ್ಲು ಸುರಿಸುತ್ತದೆ. ಮೆಟ್ರೊನಿಡಜೋಲ್ ಮತ್ತು ಹಲವು ಜಂತುಹುಳದ ಮಾತ್ರೆಗಳು ಇನ್ನೂ ಕಹಿ. ಎರಡು ಪ್ರಯತ್ನಗಳಲ್ಲಿ ಆಗದಿದ್ದರೆ ಬೆಕ್ಕನ್ನು ಅರ್ಧ ಗಂಟೆ ಬಿಟ್ಟುಬಿಡಿ. ಪ್ರತಿದಿನವೂ ಹೋರಾಟವೇ ಆಗುತ್ತಿದ್ದರೆ ದ್ರವರೂಪದ ಔಷಧ ಅಥವಾ ಚುಚ್ಚುಮದ್ದು ಸಾಧ್ಯವೇ ಎಂದು ನಿಮ್ಮ ವೈದ್ಯರನ್ನು ಕೇಳಿ, ಹಾಗೆ ಕೇಳಲು ಸಂಕೋಚ ಬೇಡ.

ನಿಮ್ಮ ಕೈಗೆ ಎರಡು ಬಾರಿ ಬೆಕ್ಕು ಕಚ್ಚಿದೆ ಎಂದು ಬರೆದಿದ್ದೀರಿ, ಆದರೆ ಚಿಕಿತ್ಸೆ ಪಡೆದಿರೆಂದು ಬರೆದಿಲ್ಲ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುವುದರಿಂದ ಮೇಲೆ ಸಣ್ಣದಾಗಿ ಕಂಡ ಗಾಯವೂ ಒಳಗೆ ಕೀವು ಕಟ್ಟಬಹುದು. ದಯವಿಟ್ಟು ಇಂದೇ ವೈದ್ಯರಿಗೆ ತೋರಿಸಿ, ರೇಬಿಸ್ ಲಸಿಕೆಯ ಬಗ್ಗೆಯೂ ವಿಚಾರಿಸಿ.

ಪ್ರಶ್ನೆ: ನಮ್ಮ ತೋಟದ ನಾಯಿಗೆ ಅಪಸ್ಮಾರವಿದೆ. ದಿನಕ್ಕೆರಡು ಬಾರಿ ಫಿನೋಬಾರ್ಬಿಟಲ್ ಕೊಡಬೇಕು. ರಾಗಿಮುದ್ದೆಯೊಳಗೆ ಇಟ್ಟು ಕೊಡುತ್ತಿದ್ದೇವೆ, ಆದರೆ ಒಮ್ಮೊಮ್ಮೆ ಮುದ್ದೆ ತಿಂದು ಮಾತ್ರೆಯನ್ನು ಉಗಿಯುತ್ತದೆ. ಈ ಸಾಧನ ಕೊಳ್ಳುವುದು ಒಳ್ಳೆಯದೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಕೊಂಡಿಟ್ಟುಕೊಳ್ಳಿ, ಆದರೆ ಮುದ್ದೆಯನ್ನು ಕೈಬಿಡಬೇಡಿ. ಆಹಾರದೊಂದಿಗೆ ಕೊಡಬಹುದಾದ ಮಾತ್ರೆಯನ್ನು ನಾಯಿ ತಾನಾಗಿಯೇ ತಿನ್ನುವುದಾದರೆ ಅದಕ್ಕಿಂತ ಉತ್ತಮವಾದ ವಿಧಾನವಿಲ್ಲ. ನೀವು ಒಂದೇ ದೊಡ್ಡ ತುತ್ತು ಕೊಡುತ್ತಿರಬಹುದು, ಅದನ್ನು ಅಗಿಯುವಾಗ ಮಾತ್ರೆ ಹಲ್ಲಿಗೆ ಸಿಗುತ್ತದೆ. ನೆಲ್ಲಿಕಾಯಿಗಿಂತ ಚಿಕ್ಕದಾಗಿ, ಅಗಿಯದೆ ನುಂಗುವಂಥ ಮೂರು ಉಂಡೆಗಳನ್ನು ಮಾಡಿ. ಮೊದಲನೆಯದರಲ್ಲಿ ಏನೂ ಇರಬಾರದು, ಎರಡನೆಯದರಲ್ಲಿ ಮಾತ್ರೆ ಇರಲಿ, ಮೂರನೆಯದನ್ನು ನಾಯಿಯ ಕಣ್ಣಿಗೆ ಕಾಣುವಂತೆ ಹಿಡಿದುಕೊಂಡು ಎರಡನೆಯದನ್ನು ಕೊಡಿ. ಮುಂದಿನ ತುತ್ತಿನ ಆಸೆಯಲ್ಲಿ ಅದು ಎರಡನೆಯದನ್ನು ಬೇಗ ನುಂಗಿಬಿಡುತ್ತದೆ. ಕೈಗೆ ಮಾತ್ರೆಯ ವಾಸನೆ ಅಂಟಿರುತ್ತದೆಯಾದ್ದರಿಂದ ಮಾತ್ರೆ ಮುಟ್ಟಿದ ಬೆರಳಿನಿಂದ ಉಂಡೆಯ ಹೊರಮೈಯನ್ನು ಸವರಬೇಡಿ. ಪಟ್ಟಣದಲ್ಲಿ ಕೆಲವರು ಕಡಲೆಕಾಯಿ ಬೆಣ್ಣೆಯನ್ನು ಬಳಸುತ್ತಾರೆ. ಅದರಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇದ್ದರೆ ನಾಯಿಗಳಿಗೆ ವಿಷ, ಡಬ್ಬಿಯ ಮೇಲಿನ ಪಟ್ಟಿಯನ್ನು ಓದದೆ ಕೊಡಬಾರದು.

ಸಾಧನ ನಿಮಗೆ ಬೇಕಾಗುವುದು ನಾಯಿ ಊಟ ಬಿಟ್ಟ ದಿನ. ಅಪಸ್ಮಾರದ ಮಾತ್ರೆಯನ್ನು ಹಠಾತ್ತಾಗಿ ನಿಲ್ಲಿಸಿದರೆ ಸೆಳವು ಮೊದಲಿಗಿಂತ ತೀವ್ರವಾಗಿ ಮರುಕಳಿಸಬಹುದಾದ್ದರಿಂದ ಒಂದು ಹೊತ್ತನ್ನೂ ತಪ್ಪಿಸುವಂತಿಲ್ಲ. ನಾಯಿ ಆರೋಗ್ಯವಾಗಿರುವಾಗಲೇ, ಮಾತ್ರೆಯ ಬದಲು ಬೇಯಿಸಿದ ಮಾಂಸದ ಸಣ್ಣ ಚೂರನ್ನು ಸಾಧನದ ತುದಿಯಲ್ಲಿಟ್ಟು ವಾರಕ್ಕೊಮ್ಮೆ ಕೊಟ್ಟು ಅಭ್ಯಾಸ ಮಾಡಿಸಿ. ನಾಯಿಯ ಮೇಲ್ದವಡೆಯನ್ನು ಕೋರೆಹಲ್ಲುಗಳ ಹಿಂದೆ ಹಿಡಿದು, ತುಟಿಯನ್ನು ಹಲ್ಲುಗಳ ಮೇಲೆ ಮಡಚಿದಂತೆ ಹಿಡಿದರೆ ಅದು ಕಚ್ಚಲು ಹಿಂಜರಿಯುತ್ತದೆ. ಸೆಳವು ಬಂದಿರುವಾಗ ಅಥವಾ ಸೆಳವಿನ ನಂತರ ಪೂರ್ಣ ಎಚ್ಚರವಾಗುವ ಮುನ್ನ ಬಾಯಿಗೆ ಸಾಧನವನ್ನಾಗಲಿ, ನೀರನ್ನಾಗಲಿ ಹಾಕಲೇಬಾರದು.

ಪ್ರಶ್ನೆ: ಮಾತ್ರೆ ದೊಡ್ಡದಾಗಿದ್ದರೆ ಪುಡಿಮಾಡಿ ಕೊಡಬಹುದೇ? ಒಂದೇ ಸಾಧನವನ್ನು ಮನೆಯ ಎಲ್ಲ ಬೆಕ್ಕುಗಳಿಗೂ ಬಳಸಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ವೈದ್ಯರನ್ನು ಕೇಳದೆ ಪುಡಿ ಮಾಡಬೇಡಿ. ಜಠರದಲ್ಲಿ ಕರಗದಂತೆ ಲೇಪನ ಮಾಡಿದ ಮಾತ್ರೆಗಳು ಮತ್ತು ನಿಧಾನವಾಗಿ ಬಿಡುಗಡೆಯಾಗುವಂತೆ ತಯಾರಿಸಿದ ಮಾತ್ರೆಗಳು ಪುಡಿಯಾದರೆ ಕೆಲಸ ಕೆಡುತ್ತದೆ ಅಥವಾ ಪ್ರಮಾಣ ಒಮ್ಮೆಗೇ ಹೆಚ್ಚುತ್ತದೆ. ಸಾಧನ ಒಂದೊಂದು ಬೆಕ್ಕಿಗೂ ಬೇರೆಯಾಗಿದ್ದರೆ ಒಳ್ಳೆಯದು. ಬಳಸಿದ ಮೇಲೆ ಸೋಪು ಮತ್ತು ಬೆಚ್ಚಗಿನ ನೀರಿನಿಂದ ತೊಳೆದು ಒಣಗಿಸಿ. ಪ್ರತಿ ಸಲವೂ ರಬ್ಬರ್ ತುದಿಯನ್ನು ಎಳೆದು ನೋಡಿ. ಬಿರುಕು ಬಿಟ್ಟಿದ್ದರೆ ಅಥವಾ ಸಡಿಲವಾಗಿದ್ದರೆ ಅದನ್ನು ಎಸೆಯಿರಿ, ಕಿತ್ತುಬಂದ ತುದಿಯನ್ನು ಪ್ರಾಣಿ ನುಂಗಿಬಿಡಬಹುದು. ಇನ್ನೊಂದು ಮಾತು: ಮನೆಯಲ್ಲಿ ಮನುಷ್ಯರಿಗೆಂದು ಇರುವ ಪ್ಯಾರಾಸಿಟಮಾಲ್ ಮಾತ್ರೆಯ ಒಂದು ತುಂಡು ಕೂಡ ಬೆಕ್ಕಿನ ಜೀವ ತೆಗೆಯಬಲ್ಲದು. ಸಾಧನ ಕೈಯಲ್ಲಿದೆ ಎಂದು ಜ್ವರಕ್ಕೆ ಅದನ್ನು ಕೊಡಬೇಡಿ.

ಪ್ರಶ್ನೆ: ನಾವು ಊಟ ಹಾಕುವ ಬೀದಿನಾಯಿ ಎರಡು ದಿನಗಳಿಂದ ಜೊಲ್ಲು ಸುರಿಸುತ್ತಿದೆ, ಕೆಳದವಡೆ ಜೋತುಬಿದ್ದಂತಿದೆ, ನೀರನ್ನೂ ನುಂಗುತ್ತಿಲ್ಲ. ಗಂಟಲಲ್ಲಿ ಮೂಳೆ ಸಿಕ್ಕಿರಬಹುದೆಂದು ಅನುಮಾನ. ಕೈ ಹಾಕುವ ಬದಲು ಸಾಧನದಿಂದ ನೋವಿನ ಮಾತ್ರೆ ಕೊಡಬಹುದೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಖಂಡಿತ ಬೇಡ. ಈ ಪತ್ರಕ್ಕೆ ನಾವು ಕೂಡಲೇ ಖಾಸಗಿಯಾಗಿಯೂ ಉತ್ತರಿಸಿದ್ದೇವೆ. ನೀವು ವಿವರಿಸಿದ ಲಕ್ಷಣಗಳು ರೇಬಿಸ್‌ನವೂ ಆಗಿರಬಹುದು. ರೇಬಿಸ್ ಬಂದ ನಾಯಿಯೆಲ್ಲ ಹುಚ್ಚೆದ್ದು ಕಚ್ಚುವುದಿಲ್ಲ, ಒಂದು ಬಗೆಯಲ್ಲಿ ಗಂಟಲು ಮತ್ತು ದವಡೆಯ ಸ್ನಾಯುಗಳು ಸೋತು ನಾಯಿ ಮಂಕಾಗಿ ಕುಳಿತುಬಿಡುತ್ತದೆ. ಮೂಳೆ ಸಿಕ್ಕಿದೆಯೆಂದು ಕರುಣೆಯಿಂದ ಬಾಯಿಗೆ ಕೈ ಹಾಕುವವರು ಅಪಾಯಕ್ಕೆ ಒಳಗಾಗುವುದು ಇಂಥ ಸಂದರ್ಭದಲ್ಲೇ. ಸಾಧನದ ಉದ್ದ ಒಂದು ಗೇಣಿನಷ್ಟು, ಜೊಲ್ಲು ಕೈಯ ಗೀರಿಗೆ ತಾಗದಂತೆ ಅದು ತಡೆಯಲಾರದು. ನಾಯಿಯನ್ನು ಮುಟ್ಟದೆ, ಮಕ್ಕಳನ್ನು ಹತ್ತಿರ ಬಿಡದೆ, ಸ್ಥಳೀಯ ಸಂಸ್ಥೆಗೂ ಸರ್ಕಾರಿ ಪಶು ಆಸ್ಪತ್ರೆಗೂ ತಿಳಿಸಿ. ಈ ಎರಡು ದಿನಗಳಲ್ಲಿ, ಅಥವಾ ಅದಕ್ಕೆ ಹಿಂದಿನ ಎರಡು ವಾರಗಳಲ್ಲಿ, ಮನೆಯಲ್ಲಿ ಯಾರಿಗಾದರೂ ಅದು ಕಚ್ಚಿದ್ದರೆ, ಪರಚಿದ್ದರೆ ಅಥವಾ ಗಾಯವನ್ನು ನೆಕ್ಕಿದ್ದರೆ ಆ ಜಾಗವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ಅರಿಶಿನ, ಸುಣ್ಣ, ಖಾರದ ಪುಡಿ ಏನನ್ನೂ ಹಚ್ಚದೆ, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು.