ಗೆಳೆಯನಿಲ್ಲದೆ ಕಗ್ಗಲಡುವಿಗೆ ಹೋಗುವುದು ಹೇಗೆ?

ನನ್ನ ಹತ್ತಿರ ಆಪ್ತಸಲಹೆಗೆ ಬಂದವರೊಬ್ಬರ ಕಥೆ ಇದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ತುಮಕೂರಿನವರು, ನಲವತ್ತು ದಾಟಿದವರು. "ನಿದ್ದೆ ಬರ್ತಿಲ್ಲ ಮೇಡಂ" ಅಂತ ಬಂದರು. ಮಾತಾಡ್ತಾ ಮಾತಾಡ್ತಾ ಗೊತ್ತಾಯಿತು, ಕಾಲೇಜಿನಿಂದ ಜೊತೆಗಿದ್ದ ಗೆಳೆಯ ನಾಲ್ಕು ತಿಂಗಳ ಹಿಂದೆ ಹೃದಯಾಘಾತದಿಂದ ತೀರಿಕೊಂಡಿದ್ದರು.

ಇಬ್ಬರಿಗೂ ಹಕ್ಕಿ ನೋಡುವ ಹುಚ್ಚು. ಭಾನುವಾರ ಬಂದರೆ ದೇವರಾಯನದುರ್ಗದ ಕಾಡು, ಇಲ್ಲವೇ ಯಾವುದಾದರೂ ಕೆರೆ ಏರಿ. ವರ್ಷದ ಶುರುವಿನಲ್ಲಿ ಮಾತ್ರ ಶಿರಾ ಹತ್ತಿರದ ಕಗ್ಗಲಡು ತಪ್ಪಿಸುತ್ತಿರಲಿಲ್ಲ. ಅಲ್ಲಿ ಊರೊಳಗಿನ ಹುಣಸೆ ಮರಗಳಲ್ಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ, ಊರಿನವರೇ ಅವನ್ನು ಕಾಯುತ್ತಾರೆ.

ಗೆಳೆಯನ ಹೆಂಡತಿ ಅವನ ಬೈನಾಕ್ಯುಲರ್ ಕೊಟ್ಟು ಕಳಿಸಿದ್ದರು. ಅವನು ಕುಳ್ಳ, ಪಟ್ಟಿ ಉದ್ದ ಆಗುತ್ತೆ ಅಂತ ಗಂಟು ಹಾಕಿಕೊಂಡಿದ್ದ. ಆ ಗಂಟು ಬಿಚ್ಚದೆ ಕೊರಳಿಗೆ ಹಾಕಿಕೊಂಡರೆ ಇವರಿಗೆ ಎದೆಯ ಮೇಲೆಯೇ ನಿಲ್ಲುತ್ತೆ, ಬಿಚ್ಚೋಕೆ ಮನಸ್ಸಿಲ್ಲ, ಹಾಗಾಗಿ ಅದು ಬೀರುವಿನ ಮೇಲೇ ಕೂತಿದೆ.

ಮನೆಯಲ್ಲಿ, "ಅವನೇನು ಒಡಹುಟ್ಟಿದವನಾ, ಎಷ್ಟು ದಿನ ಹೀಗೇ ಇರ್ತೀರಿ?" ಅಂದರಂತೆ. ನನಗೆ ಸಂಕಟ ಆಗುವುದು ಇಲ್ಲೇ. ಗೆಳೆಯ ಸತ್ತರೆ ಸೂತಕ ಇಲ್ಲ, ಆಫೀಸಿನಲ್ಲಿ ರಜೆ ಇಲ್ಲ, ತಿಥಿಯಲ್ಲೂ ನೀವು ಬರೀ ಅತಿಥಿ. ಅಳೋಕೆ ಜಾಗವೇ ಇಲ್ಲದ ದುಃಖ ಇದು. ಸಾವಿನ ದುಃಖದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಪ್ರಾಧ್ಯಾಪಕ ಕೆನೆತ್ ಡೋಕಾ 1989ರಲ್ಲೇ ಇಂಥ ದುಃಖದ ಬಗ್ಗೆ ಬರೆದಿದ್ದಾರೆ.

ಮರೆಯಿರಿ ಅಂತ ನಾನು ಹೇಳಲಿಲ್ಲ. ಮೊದಲೇ ಕಗ್ಗಲಡು ಬೇಡ, ಮನೆ ಹತ್ತಿರದ ಕೆರೆಗೆ ಅರ್ಧ ಗಂಟೆ ಹೋಗಿ ಬನ್ನಿ, ಅಳು ಬಂದರೆ ಅತ್ತುಬಿಡಿ ಅಂದೆ. ಗಂಟು ಬಿಚ್ಚಲೇಬೇಕು ಅಂತೇನಿಲ್ಲ. ಒಂದು ದಿನ ಅವನ ನೆನಪಲ್ಲೇ ಇರಿ, ಇನ್ನೊಂದು ದಿನ ಕರೆಂಟ್ ಬಿಲ್ಲು, ಮಕ್ಕಳ ಫೀಸು ಅಂತ ಓಡಾಡಿ. ದುಃಖ ಹೀಗೆ ಆ ಕಡೆ ಈ ಕಡೆ ತೂಗಾಡುವುದು ಸಹಜ, ನಗು ಬಂದ ದಿನ ಅವನಿಗೆ ದ್ರೋಹ ಮಾಡಿದೆ ಅಂದುಕೊಳ್ಳಬೇಡಿ. ಗೆಳೆಯನ ಮಗನಿಗೆ ಹಕ್ಕಿ ನೋಡೋ ಆಸೆ ಇದೆಯಂತೆ. ತಾಯಿಯನ್ನು ಕೇಳಿ, ಹುಡುಗ ಒಪ್ಪಿದರೆ ಕರೆದುಕೊಂಡು ಹೋಗಿ, ಬಲವಂತ ಮಾತ್ರ ಬೇಡ. ನಿಮ್ಮ ಹೆಂಡತಿಗೂ ಆ ಭಾನುವಾರಗಳ ಕಥೆ ಹೇಳಿ, ಅವರಿಗೆ ಗೊತ್ತಿಲ್ಲದ್ದು ಬೇಕಾದಷ್ಟಿದೆ ಅಲ್ವಾ?

ಕೆರೆಗೆ ಎರಡು ಸಲ ಹೋಗಿ ಬಂದಿದ್ದಾರೆ. ನಿದ್ದೆ ಇನ್ನೂ ಸರಿಯಾಗಿಲ್ಲ, ಅದಕ್ಕೆ ವೈದ್ಯರನ್ನೂ ಕಾಣಲು ಹೇಳಿದ್ದೇನೆ. ನಿಮಗೂ ಹೀಗಾಗಿದ್ದು, ಆರು ತಿಂಗಳು ದಾಟಿದರೂ ದಿನದ ಕೆಲಸವೇ ಸಾಗದಿದ್ದರೆ, ಕುಡಿತ ಜಾಸ್ತಿಯಾದರೆ ಯಾರನ್ನಾದರೂ ಕಾಣಿ. ಬದುಕೇ ಬೇಡ ಅನಿಸಿದರೆ ಮಾತ್ರ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.